ನೀರು ಬಳಕೆದಾರರ ಸಂಘದ ಚಾಟ್‌ಗೆ ಫೈಲ್ ಎಲ್ಲಿಡುವುದು? ಎಕ್ಸ್‌ಎಂಪಿಪಿ, ಮ್ಯಾಟ್ರಿಕ್ಸ್, ಐಪಿಎಫ್‌ಎಸ್ ನಡುವೆ ಗೊಂದಲ

ಕಾರಟಗಿ_ತೂಬು

ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಲವು ನೀರು ಬಳಕೆದಾರರ ಸಹಕಾರ ಸಂಘಗಳು ಸೇರಿ ತಮ್ಮದೇ ಮೆಸೇಜಿಂಗ್ ವ್ಯವಸ್ಥೆ ಕಟ್ಟಿಕೊಳ್ಳಲು ಹೊರಟಿವೆ. ಸದಸ್ಯರು ಸುಮಾರು 300. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಒಂದೊಂದು ಕಚೇರಿ. ಪ್ರತಿ ಕಚೇರಿಗೆ 8 ಜಿಬಿ ರ‍್ಯಾಮ್, 1 ಟಿಬಿ ಡಿಸ್ಕ್ ಇರುವ ಒಂದು ಮಿನಿ ಪಿಸಿ, ಒಂದು ಫೈಬರ್ ಸಂಪರ್ಕ. ಒಂದು ಊರಲ್ಲಿ ಕರೆಂಟ್ ಹೋದರೆ ಉಳಿದೆರಡು ಊರಿನವರ ಮಾತುಕತೆ ನಿಲ್ಲಬಾರದು. ವಿಕೇಂದ್ರಿತ ವ್ಯವಸ್ಥೆಯೇ ಬೇಕು ಎನ್ನಲು ಅದೇ ಮುಖ್ಯ ಕಾರಣ.

ಮೆಸೇಜ್ ಹೋಗುವ ಬಗೆ ಹೆಚ್ಚು ಕಡಿಮೆ ಅರ್ಥವಾಗಿದೆ. ತಿಳಿಯದಿರುವುದು ಫೈಲ್ ವಿಷಯ. ಉಪಕಾಲುವೆಯ ಗೇಜ್ ಫೋಟೊ, ತೂಬಿನ ವಿಡಿಯೊ, ವಾಯ್ಸ್ ಮೆಸೇಜ್, ವಾರಾಬಂದಿ (ನೀರಿನ ಸರದಿ) ಪಟ್ಟಿ ದಿನಾ ಓಡಾಡುತ್ತವೆ. ಇವುಗಳ ಜೊತೆಗೇ ಪಹಣಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ, ಠರಾವು ಪುಸ್ತಕದ ಸ್ಕ್ಯಾನ್ ಕೂಡ ಬರುತ್ತವೆ. ಕೆಲವರು ಐಪಿಎಫ್‌ಎಸ್ (ಹಲವರ ಕಂಪ್ಯೂಟರಿನಲ್ಲಿ ಫೈಲ್ ಇಡುವ ಜಾಲ) ಹಾಕಿ, ಯಾವತ್ತೂ ಅಳಿಯುವುದಿಲ್ಲ ಎನ್ನುತ್ತಾರೆ. ಕೆಲವರು ಮ್ಯಾಟ್ರಿಕ್ಸ್ (ಹಲವು ಸರ್ವರ್ ಸೇರಿ ನಡೆಸುವ ಚಾಟ್ ವ್ಯವಸ್ಥೆ) ಸಾಕು ಎನ್ನುತ್ತಾರೆ. ಸಾರ್ವಜನಿಕ ಪ್ರಕಟಣೆಗೆ ಮಾಸ್ಟೊಡಾನ್ ಅಥವಾ ನಾಸ್ಟರ್ ಎಂಬ ವಿಕೇಂದ್ರಿತ ಸಾಮಾಜಿಕ ಜಾಲದ ಖಾತೆಯೂ ಬೇಕೆಂಬ ಆಸೆ ಇದೆ. ಸದಸ್ಯರ ಫೋನ್‌ಗಳು ಬಹುತೇಕ 3 ಜಿಬಿ ರ‍್ಯಾಮಿನವು. ಫೈಲ್‌ಗಳನ್ನು ಎಲ್ಲಿಡಬೇಕು, ಯಾರು ಓದಬಲ್ಲರು, ಫೋನ್ ಕಳೆದರೆ ಏನಾಗುತ್ತದೆ? ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

---

ಶಕ್ತಿನಗರ_ಸರ್ವರ್

ಸರ್, ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡ್ಕೊಳ್ರಿ. ಮೆಸೇಜ್ ವಿಕೇಂದ್ರಿತ ಆದ ಮಾತ್ರಕ್ಕೆ ಫೈಲ್ ವಿಕೇಂದ್ರಿತ ಆಗೋದಿಲ್ಲ. ಎಕ್ಸ್‌ಎಂಪಿಪಿ (ಇದೂ ಹಲವು ಸರ್ವರಿನ ಚಾಟ್ ಪದ್ಧತಿ) ಒಳಗ ಫೋಟೊ ಕಳಿಸಿದ್ರ ಅದು ಕಳಿಸಿದವರ ಸರ್ವರ್ ಮ್ಯಾಲ ಕೂಡ್ತದ, ಎದುರಿನವರಿಗೆ ಹೋಗೋದು ಬರೀ ಲಿಂಕ್. ಮ್ಯಾಟ್ರಿಕ್ಸ್ ಒಳಗೂ ರೂಮಿನ ಮೆಸೇಜ್ ಎಲ್ಲಾ ಸರ್ವರಿಗೂ ಪ್ರತಿ ಆಗ್ತದ, ಆದ್ರ ಫೋಟೊ ಮೂಲ ಸರ್ವರಿನಲ್ಲೇ ಇರ್ತದ. ಇನ್ನೊಂದು ಊರಿನ ಸದಸ್ಯರು ಯಾರಾದ್ರೂ ತೆರೆದಾಗ ಮಾತ್ರ ಅವರ ಸರ್ವರ್ ಅದನ್ನ ತಂದು ತನ್ನ ಹತ್ರ ಒಂದು ಪ್ರತಿ ಇಟ್ಕೋತದ. ಅಂದ್ರ ಸಿಂಧನೂರಿನಲ್ಲಿ ಕರೆಂಟ್ ಹೋದ್ರ, ಅಲ್ಲಿಂದ ಬಂದು ಇನ್ನೂ ಯಾರೂ ತೆರೀದ ವಿಡಿಯೊ ಗಂಗಾವತಿಯವರಿಗೆ ಸಿಗೋದಿಲ್ಲ. ಅದಕ್ಕ ಫೈಲ್ ಪ್ರಶ್ನೆನ ಬ್ಯಾರೆ ಮಾಡಿ ನೋಡ್ರಿ. ಎನ್‌ಕ್ರಿಪ್ಟ್ ಆದ ಫೈಲ್ ಎಲ್ಲಿರ್ತದ, ಅದರ ಕೀ ಎಲ್ಲಿರ್ತದ, ಅಳಿಸೋರು ಯಾರು, ಈ ಮೂರು ಮಾತಿಗೆ ಉತ್ತರ ಇಲ್ಲದ ಯಾವುದನ್ನೂ ಆರಿಸ್ಕೋಬ್ಯಾಡ್ರಿ.

ಕೀ ಹೋಗೋ ದಾರಿ ಹೇಳ್ತೀನಿ. ಎಕ್ಸ್‌ಎಂಪಿಪಿಯ ಒಮೆಮೊ ಅನ್ನೋ ಎನ್‌ಕ್ರಿಪ್ಷನ್ ಪದ್ಧತಿಯಲ್ಲಿ ಫೋನೇ ಒಂದು ಹೊಸ ಕೀ ಹುಟ್ಟಿಸಿ ಫೈಲನ್ನ ಎಇಎಸ್-256 ಜಿಸಿಎಂ ಅನ್ನೋ ವಿಧಾನದೊಳಗ ಎನ್‌ಕ್ರಿಪ್ಟ್ ಮಾಡಿ ಸರ್ವರಿಗೆ ಏರಸ್ತದ. ಆಮ್ಯಾಲ ಡೌನ್‌ಲೋಡ್ ವಿಳಾಸದ ಕೊನೆಗೆ # ಗುರುತು ಹಾಕಿ, ಅದರ ಮುಂದ 12 ಬೈಟ್ ನಾನ್ಸ್ (ಒಮ್ಮೆ ಮಾತ್ರ ಬಳಸೋ ಸಂಖ್ಯೆ), 32 ಬೈಟ್ ಕೀ ಸೇರಸ್ತದ. ಆ ಇಡೀ ಲಿಂಕ್ ಎನ್‌ಕ್ರಿಪ್ಟ್ ಆದ ಮೆಸೇಜ್ ಒಳಗ ಹೋಗ್ತದ. # ಗುರುತಿನ ಮುಂದಿನ ಭಾಗ ಯಾವತ್ತೂ ಸರ್ವರಿಗೆ ಹೋಗೋದಿಲ್ಲ, ಹಂಗಾಗಿ ಸರ್ವರ್ ನಡೆಸೋರಿಗೆ ಕೀ ಕಾಣ್ಸೋದಿಲ್ಲ. ಆದ್ರ ಯಾರಾದ್ರೂ ಆ ಲಿಂಕ್ ಪೂರ್ತಿ ಕಾಪಿ ಮಾಡಿ ಎನ್‌ಕ್ರಿಪ್ಟ್ ಇಲ್ಲದ ಗುಂಪಿಗೆ ಹಾಕಿದ್ರ ಕೀ ಬೀದಿಗೆ ಬಂದಂಗೇ. ಇದನ್ನ ಸದಸ್ಯರಿಗೆ ಬಾಯಿ ಬಿಟ್ಟು ಹೇಳಬೇಕು. ಮ್ಯಾಟ್ರಿಕ್ಸ್‌ನಲ್ಲಿ ಕೀ, ಫೈಲಿನ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎರಡೂ ಎನ್‌ಕ್ರಿಪ್ಟ್ ಆದ ಮೆಸೇಜ್ ಒಳಗಿರ್ತಾವ. ಫೈಲಿಗೆ ಎಇಎಸ್-256ರ ಇನ್ನೊಂದು ವಿಧಾನ ಸಿಟಿಆರ್ ಬಳಸ್ತಾರ. ಸಿಟಿಆರ್ ತಾನೇ ತಿದ್ದುಪಡಿ ಹಿಡಿಯೋದಿಲ್ಲ, ಹಿಡಿಯೋದು ಆ ಹ್ಯಾಶ್. ಎರಡರಲ್ಲೂ ಗುಟ್ಟು ಚಲೋನೇ ಉಳೀತದ.

ವ್ಯತ್ಯಾಸ ಬರೋದು ಗುಂಪಿನ ಗಾತ್ರದಲ್ಲಿ. ಒಮೆಮೊ ಪ್ರತಿ ಮೆಸೇಜಿಗೂ ಪ್ರತಿ ಸಾಧನಕ್ಕೂ ಬ್ಯಾರೆ ಬ್ಯಾರೆ ಕೀ ಪ್ರತಿ ಕಟ್ತದ. 300 ಮಂದಿ, 400 ಸಾಧನ ಅಂತ ಹಿಡೀರಿ. ಒಂದೊಂದಕ್ಕ 150 ಬೈಟ್ ಅಂದ್ರೂ "ನೀರು ಬಂತು" ಅನ್ನೋ ಎರಡು ಪದಕ್ಕ 60 ಕೆಬಿ. ಮ್ಯಾಟ್ರಿಕ್ಸ್‌ನ ಎನ್‌ಕ್ರಿಪ್ಷನ್ ಪದ್ಧತಿ ಮೆಗೋಲ್ಮ್ ಒಂದು ಸೆಷನ್ ಕೀ ಹಂಚಿ, 100 ಮೆಸೇಜ್ ಅಥವಾ ಒಂದು ವಾರದ ತನಕ ಅದನ್ನೇ ನಡಸ್ತದ, ದೊಡ್ಡ ಗುಂಪಿಗೆ ಅದೇ ಹಗುರ. ಆದ್ರ ಮ್ಯಾಟ್ರಿಕ್ಸ್‌ನ ಸಿನಾಪ್ಸ್ ಸರ್ವರಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು, ಮೆಮೊರಿ ಹೆಚ್ಚು ತಿಂತದ, ಬ್ಯಾರೆ ಊರಿನ ಮೀಡಿಯಾದ ಪ್ರತಿ ಡಿಸ್ಕ್ ತುಂಬಸ್ತಾವ. ಎಕ್ಸ್‌ಎಂಪಿಪಿಯ ಪ್ರೊಸೋಡಿ ಸರ್ವರ್ ನೂರಾರು ಎಂಬಿಯೊಳಗ ಆರಾಮ ನಡೀತದ.

ನಿಮಗ ನನ್ನ ಸಲಹೆ ಪ್ರೊಸೋಡಿ. ನೀರಿನ ಸುದ್ದಿಗೆ ಎನ್‌ಕ್ರಿಪ್ಟ್ ಇಲ್ಲದ ಒಂದು ದೊಡ್ಡ ಗುಂಪು. ಕಾಗದಪತ್ರ ಓಡಾಡೋದಕ್ಕ ಉಪಕಾಲುವೆಗೊಂದರಂತೆ 20-30 ಮಂದಿಯ ಒಮೆಮೊ ಗುಂಪು. ಆ ಸಣ್ಣ ಗುಂಪು "ಸದಸ್ಯರಿಗೆ ಮಾತ್ರ", ಜೊತೆಗೆ ವಿಳಾಸ ಮರೆಮಾಚದ ಗುಂಪು ಆಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದ್ರೂ ಒಮೆಮೊ ನಡೆಯೋದಿಲ್ಲ.

ಪ್ರೊಸೋಡಿಯ ಫೈಲ್ ಶೇರ್ ಮಾಡ್ಯೂಲ್ 0.12 ಆವೃತ್ತಿಯಿಂದ ಒಳಗೇ ಬರ್ತದ. ಅದರ ಡಿಫಾಲ್ಟ್ ಮಿತಿ ಒಂದು ಫೈಲಿಗೆ 10 ಎಂಬಿ, ಒಬ್ಬರಿಗೆ ದಿನಕ್ಕ 100 ಎಂಬಿ, ಆಯುಷ್ಯ ಒಂದು ವಾರ. ನೀವು 50 ಎಂಬಿ, 30 ದಿನ ಮಾಡ್ರಿ. ಇಡೀ ಸರ್ವರಿನ ಒಟ್ಟು ಕೋಟಾನೂ ಹಾಕ್ರಿ, ಇಲ್ಲಾಂದ್ರ ಡಿಸ್ಕ್ ತುಂಬಿದ ದಿನ ಮೆಸೇಜೂ ನಿಲ್ತಾವ. ಲೆಕ್ಕ ನೋಡ್ರಿ: 300 ಮಂದಿ ತಿಂಗಳಿಗೆ 40 ಫೋಟೊ, ಫೋಟೊಗೆ 400 ಕೆಬಿ ಅಂದ್ರ 4.8 ಜಿಬಿ. ತಲಾ 4 ವಿಡಿಯೊ, ಒಂದಕ್ಕ 15 ಎಂಬಿ ಅಂದ್ರ 18 ಜಿಬಿ. ಒಟ್ಟು 23 ಜಿಬಿ ಒಳಗೆ. ಜಾಗ ನಿಮ್ಮ ತೊಂದರೆ ಅಲ್ಲ. ಏನನ್ನ ಉಳಿಸ್ಕೋಬೇಕು, ಏನನ್ನ ಹೋಗಬಿಡಬೇಕು ಅನ್ನೋದೇ ನಿಮ್ಮ ಮುಂದಿರೋ ನಿರ್ಧಾರ.

ಇನ್ನೊಂದು ಮಾತು. ಪಹಣಿ ಭೂಮಿ ತಂತ್ರಾಂಶದಲ್ಲಿ ಯಾರಿಗಾದ್ರೂ ಕಾಣ್ತದ, ಅದರ ಗುಟ್ಟಿಗೆ ಬಡಿದಾಡೋದು ಬ್ಯಾಡ. ಆಧಾರ್ ಬೇಕಂದ್ರ ಕೊನೆಯ 4 ಅಂಕಿ ಮಾತ್ರ ಕಾಣೋ ಮಾಸ್ಕ್ ಮಾಡಿದ ಪ್ರತಿ ಯುಐಡಿಎಐ ತಾಣದಲ್ಲೇ ಸಿಗ್ತದ, ಅದನ್ನೇ ಕೇಳ್ರಿ. ತರಿಸ್ಕೊಳ್ಳದ ಕಾಗದ ಸೋರೋದಿಲ್ಲ.

---

ಬಳ್ಳಾರಿ_ಗುಡ್ಡ

ಮೇಲಿನ ಉತ್ತರ ಸರಿಯಾಗಿದೆ. ಐಪಿಎಫ್‌ಎಸ್ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ "ಯಾವತ್ತೂ ಅಳಿಯುವುದಿಲ್ಲ" ಎಂಬ ಮಾತು ಎರಡು ಕಡೆಯಿಂದ ತಪ್ಪು.

ಐಪಿಎಫ್‌ಎಸ್‌ನಲ್ಲಿ ಫೈಲಿನ ವಿಳಾಸ ಅದರ ಒಳಗಿನ ವಸ್ತುವಿನ ಹ್ಯಾಶ್‌ನಿಂದ ಬರುತ್ತದೆ. ಯಾರಾದರೂ ಪಿನ್ ಮಾಡಿ (ಅಳಿಸಬೇಡ ಎಂದು ಗುರುತು ಹಾಕಿ) ಇಟ್ಟುಕೊಂಡಿದ್ದರೆ ಮಾತ್ರ ಫೈಲ್ ಉಳಿಯುತ್ತದೆ. ಯಾರೂ ಪಿನ್ ಮಾಡದಿದ್ದರೆ ನೋಡ್‌ಗಳು (ಜಾಲದ ಕಂಪ್ಯೂಟರ್‌ಗಳು) ಕಸ ಗುಡಿಸುವಾಗ ಅದೂ ಹೋಗುತ್ತದೆ. ಹಾಗಾಗಿ ನಿಮಗೆ ಬೇಕಾದಾಗ ಉಳಿದಿರುತ್ತದೆ ಎಂಬ ಖಾತ್ರಿ ಇಲ್ಲ. ಇನ್ನೊಂದು ಕಡೆ, ಒಮ್ಮೆ ಹೊರಗಿನ ನೋಡ್ ಪ್ರತಿ ಇಟ್ಟುಕೊಂಡರೆ ಅದನ್ನು ಅಳಿಸಿ ಎಂದು ಆದೇಶಿಸುವ ದಾರಿಯೂ ಇಲ್ಲ. ಸದಸ್ಯರೊಬ್ಬರು ಸಂಘ ಬಿಟ್ಟು ನನ್ನ ಪಾಸ್‌ಬುಕ್ ಪ್ರತಿ ತೆಗೆಯಿರಿ ಎಂದರೆ ಏನು ಮಾಡುತ್ತೀರಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಅಳಿಸಲಾಗದ ಜಾಗದಲ್ಲಿ ಇಂಥ ಕಾಗದ ಇಡುವುದು ಸದಸ್ಯರಿಗೆ ಮಾಡುವ ಅನ್ಯಾಯ.

ಜೊತೆಗೆ ಐಪಿಎಫ್‌ಎಸ್ ತಾನಾಗಿ ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಯಾವ ನೋಡ್ ಬಳಿ ಯಾವ ಹ್ಯಾಶ್ ಇದೆ ಎಂಬುದು ಸಾರ್ವಜನಿಕ ಪಟ್ಟಿಯಲ್ಲಿ ಪ್ರಕಟವಾಗುತ್ತದೆ. ನೀವೇ ಮೊದಲು ಎನ್‌ಕ್ರಿಪ್ಟ್ ಮಾಡಿ ಹಾಕಿದರೂ "ಈ ಐಪಿ ವಿಳಾಸದವರು ಈ ಫೈಲ್ ಇಟ್ಟಿದ್ದಾರೆ, ಆ ವಿಳಾಸದವರು ಕೇಳಿದರು" ಎಂಬುದು ತೆರೆದೇ ಇರುತ್ತದೆ.

ಈಗ ಸೂಕ್ಷ್ಮವಾದ ಒಂದು ಅಪಾಯ. ಜಾಗ ಉಳಿಸಲು ಕೆಲವು ಸಂಗ್ರಹ ವ್ಯವಸ್ಥೆಗಳು ಫೈಲಿನ ಹ್ಯಾಶ್‌ನಿಂದಲೇ ಕೀ ತಯಾರಿಸುತ್ತವೆ. ಇಬ್ಬರು ಒಂದೇ ಫೈಲ್ ಹಾಕಿದರೆ ಒಂದೇ ಪ್ರತಿ ಸಾಕಾಗುತ್ತದೆ ಎಂಬ ಆಸೆ. ಇದನ್ನು ಕನ್ವರ್ಜೆಂಟ್ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಟಾಹೊ-ಲಾಫ್ಸ್ ಎಂಬ ವಿಕೇಂದ್ರಿತ ಸಂಗ್ರಹ ತಂತ್ರಾಂಶದ ತಂಡ 2008ರಲ್ಲೇ ಇದರ ದೋಷ ತೋರಿಸಿತು. ನಿಮ್ಮ ಸಂಘದ ಅರ್ಜಿ ನಮೂನೆಯನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ತುಂಬಿದ ನಮೂನೆಯಲ್ಲಿ ಸದಸ್ಯನ ಹೆಸರು, ಊರು, ಸರ್ವೆ ನಂಬರ್ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದು 4 ಅಂಕಿಯ ಸಂಖ್ಯೆ ಎಂದುಕೊಳ್ಳಿ. ಎದುರಾಳಿ 10,000 ನಮೂನೆ ತಯಾರಿಸಿ, ಪ್ರತಿಯೊಂದನ್ನೂ ಅದೇ ರೀತಿ ಎನ್‌ಕ್ರಿಪ್ಟ್ ಮಾಡಿ, ಸರ್ವರಿನಲ್ಲಿರುವುದಕ್ಕೆ ಯಾವುದು ತಾಳೆಯಾಗುತ್ತದೆ ಎಂದು ನೋಡಿದರೆ ಸಂಖ್ಯೆ ಸಿಕ್ಕಿಬಿಡುತ್ತದೆ. ಕೀ ಒಡೆಯುವ ಅಗತ್ಯವೇ ಇಲ್ಲ. ಟಾಹೊ ಇದಕ್ಕೆ ಪ್ರತಿ ಬಳಕೆದಾರನ ಗುಟ್ಟಿನ ತುಣುಕೊಂದನ್ನು ಕೀಯಲ್ಲಿ ಬೆರೆಸಿತು. ನೀವು ಆರಿಸುವ ಸಾಧನದಲ್ಲಿ ಪ್ರತಿ ಫೈಲಿಗೂ ಯಾದೃಚ್ಛಿಕವಾದ ಹೊಸ ಕೀ ಹುಟ್ಟುತ್ತದೆಯೇ ಎಂದು ಮೊದಲು ನೋಡಿ. ಒಮೆಮೊ ಫೈಲ್ ಹಂಚಿಕೆ, ಮ್ಯಾಟ್ರಿಕ್ಸ್ ಎರಡರಲ್ಲೂ ಹಾಗೆಯೇ ಇದೆ.

ಟಾಹೊ-ಲಾಫ್ಸ್ ಒಳ್ಳೆಯ ವಿನ್ಯಾಸ. ಫೈಲನ್ನು 10 ತುಂಡು ಮಾಡಿ, ಯಾವುದೇ 3 ಸಿಕ್ಕರೂ ಪೂರ್ತಿ ಫೈಲ್ ಕಟ್ಟಬಲ್ಲದು. ಆದರೆ ಅದು 10 ಯಂತ್ರಗಳನ್ನು ಮನಸ್ಸಿನಲ್ಲಿಟ್ಟ ಡಿಫಾಲ್ಟ್, ಜಾಗ 3.33 ಪಟ್ಟು ಬೇಕು, ಅಪ್‌ಲೋಡ್ ಯಶಸ್ವಿ ಎನ್ನಲು 7 ಬೇರೆ ಬೇರೆ ಸರ್ವರ್ ಸಿಗಬೇಕು. ಮೂರೇ ಪೆಟ್ಟಿಗೆ ಇರುವಲ್ಲಿ ಡಿಫಾಲ್ಟ್ ಬಿಟ್ಟರೆ ಪ್ರತಿ ಅಪ್‌ಲೋಡೂ ವಿಫಲವಾಗುತ್ತದೆ. ಮೂರು ಯಂತ್ರಗಳಿಗೆ ಇಡೀ ಪ್ರತಿ ಇಡುವುದೇ ಸರಳ.

ಸಾರ್ವಜನಿಕ ಪ್ರಕಟಣೆಗೆ ನಾಸ್ಟರ್ ಆರಿಸಿದರೆ ಚಿತ್ರಗಳಿಗೆ ಬ್ಲಾಸಮ್ ಎಂಬ ಫೈಲ್ ಸರ್ವರ್ ಬಳಸಿ. ಅಲ್ಲಿಯೂ ಫೈಲಿನ ಹೆಸರು ಶಾ-256 ಹ್ಯಾಶ್. ಎರಡು ಊರಿನ ಸರ್ವರಿನಲ್ಲಿ ಒಂದೇ ಹ್ಯಾಶ್ ಇಟ್ಟು, ನಿಮ್ಮ ಸರ್ವರ್ ಪಟ್ಟಿಯನ್ನು ಖಾತೆಯಲ್ಲಿ ಪ್ರಕಟಿಸಿದರೆ ಒಂದು ಮಲಗಿದಾಗ ಆ್ಯಪ್ ಇನ್ನೊಂದರಿಂದ ತರುತ್ತದೆ. ಪ್ರಕಟಣೆಯ ಚಿತ್ರಕ್ಕೆ ಇದು ಬಹಳ ಸೊಗಸಾದ ವ್ಯವಸ್ಥೆ. ಮಾಸ್ಟೊಡಾನ್ ಆರಿಸಿದರೆ ಒಂದು ಎಚ್ಚರ: ಅಲ್ಲಿನ ಖಾಸಗಿ ಉಲ್ಲೇಖ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಸರ್ವರ್ ನಡೆಸುವವರು ಓದಬಲ್ಲರು. ಯಾರೋ ಅಲ್ಲಿಗೇ ಪಾಸ್‌ಬುಕ್ ಫೋಟೊ ಕಳಿಸುತ್ತಾರೆ, ಹಾಗಾಗಿ ಖಾತೆಯ ವಿವರದಲ್ಲೇ "ಇಲ್ಲಿ ಕಾಗದಪತ್ರ ಕಳಿಸಬೇಡಿ" ಎಂದು ಬರೆದಿಡಿ.

ಫೋಟೊ ವಿಷಯದಲ್ಲಿ ಇನ್ನೊಂದು. ಎನ್‌ಕ್ರಿಪ್ಷನ್ ಸರ್ವರಿನಿಂದ ಮರೆಮಾಚುತ್ತದೆ, ಪಡೆದವರಿಂದಲ್ಲ. ಫೋಟೊ ಒಳಗಿನ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ಚಿತ್ರವನ್ನು ಕುಗ್ಗಿಸಿ ಕಳಿಸುವಾಗ ಅದು ಸಾಮಾನ್ಯವಾಗಿ ಹೋಗುತ್ತದೆ, "ಫೈಲ್" ಎಂದು ಲಗತ್ತಿಸಿದರೆ ಹಾಗೇ ಉಳಿಯುತ್ತದೆ. ಗೇಜ್ ಫೋಟೊಗೆ ಜಾಗ ಬೇಕು, ದೂರು ಕೊಟ್ಟವರ ಮನೆಯಿಂದ ತೆಗೆದ ಫೋಟೊಗೆ ಬೇಡ. ಎನ್‌ಕ್ರಿಪ್ಟ್ ಆದ ಮೇಲೂ ಫೈಲಿನ ಗಾತ್ರ ಸರ್ವರಿಗೆ ಕಾಣುತ್ತದೆ. ನಿಮ್ಮ ಕೆಲಸಕ್ಕೆ ಅದು ದೊಡ್ಡ ಭಯವಲ್ಲ.

---

ಕಾರಟಗಿ_ತೂಬು

ಇಬ್ಬರಿಗೂ ಧನ್ಯವಾದ. ಐಪಿಎಫ್‌ಎಸ್ ಬಿಟ್ಟೆವು. 30 ದಿನದಲ್ಲಿ ಅಳಿಯುವುದು ಗೇಜ್ ಫೋಟೊಗೆ ಸರಿ. ಠರಾವು ಸ್ಕ್ಯಾನ್, ಪಾಸ್‌ಬುಕ್ ಮುಂತಾದವು ವರ್ಷಗಟ್ಟಲೆ ಉಳಿಯಬೇಕು, ಮೂರೂ ಕಚೇರಿಯಲ್ಲಿ ಪ್ರತಿ ಇರಬೇಕು. ಯಾವ ಕಚೇರಿಗೂ ಪಬ್ಲಿಕ್ ಐಪಿ ಇಲ್ಲ, ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇವೆ. ಬೇಸಿಗೆಯಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ. ಕೀ ಯಾರ ಬಳಿ ಇರಬೇಕು ಎಂಬುದೂ ಹೊಳೆಯುತ್ತಿಲ್ಲ.

---

ಕುಷ್ಟಗಿ_ಕೇಬಲ್

ಉಳಿಸುವ ಫೈಲಿಗೆ ಗ್ಯಾರೇಜ್ ಹಾಕಿ. ಅಮೆಜಾನ್‌ನ ಎಸ್3 ಸಂಗ್ರಹ ಸೇವೆಯ ರೀತಿ ಮಾತಾಡುವ ಸಣ್ಣ ಸಂಗ್ರಹ ತಂತ್ರಾಂಶ, ಬೇರೆ ಬೇರೆ ಊರಿನ ಸಾಧಾರಣ ಯಂತ್ರಗಳಿಗೆಂದೇ ಮಾಡಿದ್ದು. 1 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ.

ಮೊದಲು ಜಾಲ. ಸಿಜಿನ್ಯಾಟ್ ಇರುವುದರಿಂದ ಪಬ್ಲಿಕ್ ಐಪಿ ಇರುವ ಒಂದು ಅಗ್ಗದ ವಿಪಿಎಸ್ (ಬಾಡಿಗೆ ಸರ್ವರ್) ತೆಗೆದುಕೊಳ್ಳಿ. ಅದನ್ನೇ ಮಧ್ಯದಲ್ಲಿಟ್ಟು ಮೂರೂ ಕಚೇರಿಯಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿ. ಕಚೇರಿ ಕಡೆಯಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಇಡಿ, ಇಲ್ಲದಿದ್ದರೆ ಸುಮ್ಮನಿದ್ದಾಗ ಸಿಜಿನ್ಯಾಟ್ ದಾರಿ ಮುಚ್ಚುತ್ತದೆ, ಹೊರಗಿನಿಂದ ಬರುವ ಪ್ಯಾಕೆಟ್ ಒಳಗೆ ಬರುವುದಿಲ್ಲ. ವಿಪಿಎಸ್ ಮೇಲೆ ಟಿಎಲ್‌ಎಸ್ (ಸಂಪರ್ಕದ ಎನ್‌ಕ್ರಿಪ್ಷನ್) ಬಿಚ್ಚಬೇಡಿ. ಎಸ್‌ಎನ್‌ಐ (ಸಂಪರ್ಕದ ಮೊದಲಲ್ಲೇ ಕಾಣುವ ತಾಣದ) ಹೆಸರು ನೋಡಿ ಹಾಗೇ ಮುಂದಕ್ಕೆ ದಾಟಿಸಿ, ಬಿಚ್ಚುವುದು ಕಚೇರಿಯ ಯಂತ್ರದಲ್ಲೇ ಇರಲಿ. ಆಗ ಬಾಡಿಗೆ ಯಂತ್ರದವರಿಗೆ ಏನೂ ಓದಲಾಗದು. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಕ್ಕೆ ಡಿಎನ್‌ಎಸ್ ವಿಧಾನ ಬಳಸಿ, 80ನೇ ಪೋರ್ಟಿನ ತಂಟೆಯೇ ಇರುವುದಿಲ್ಲ. ಒಂದೇ ವಿಪಿಎಸ್ ಇದ್ದರೆ ಅದು ಬಿದ್ದ ದಿನ ಮೂರೂ ಊರು ಬೇರೆಯಾಗುತ್ತವೆ ಎಂಬುದು ನೆನಪಿರಲಿ. ಎರಡನೆಯದನ್ನು ಬೇರೆ ಕಂಪನಿಯಲ್ಲಿ ತೆಗೆದುಕೊಂಡರೆ ಒಳ್ಳೆಯದು.

ಗ್ಯಾರೇಜ್ ಹೊಂದಿಸುವಾಗ ಮೂರು ಊರನ್ನು ಮೂರು ಝೋನ್ ಎಂದು ಕೊಟ್ಟು, ರೆಪ್ಲಿಕೇಷನ್ ಸಂಖ್ಯೆ 3 ಹಾಕಿ. ಯಂತ್ರಗಳು ತಮ್ಮ ನಡುವೆ 3901ನೇ ಪೋರ್ಟಿನಲ್ಲಿ ಮಾತಾಡುತ್ತವೆ, ಎಸ್3 ಸೇವೆ 3900ರಲ್ಲಿ. ಎರಡನ್ನೂ ಸುರಂಗದ ಒಳಗಿನ ವಿಳಾಸಕ್ಕೆ ಮಾತ್ರ ಕಟ್ಟಿ, ಹೊರಗೆ ತೆರೆಯಬೇಡಿ. ಲೇಔಟ್ ಬರೆದ ಮೇಲೆ "ಅಪ್ಲೈ" ಕೊಡುವುದನ್ನು ಮರೆಯುವವರು ಬಹಳ, ಅಲ್ಲಿಯವರೆಗೆ ಏನೂ ಜಾರಿಯಾಗುವುದಿಲ್ಲ. ಮೂರರಲ್ಲಿ ಎರಡು ಯಂತ್ರ ಬದುಕಿದ್ದರೆ ಓದು, ಬರಹ ಎರಡೂ ನಡೆಯುತ್ತವೆ. ಎರಡು ಊರಲ್ಲಿ ಒಟ್ಟಿಗೆ ಕರೆಂಟ್ ಹೋದರೆ ಎರಡೂ ನಿಲ್ಲುತ್ತವೆ. ಅದು ದೋಷವಲ್ಲ, ಎರಡು ಬೇರೆ ಬೇರೆ ಸತ್ಯ ಹುಟ್ಟದಿರಲೆಂದು ಹಾಗೆ ಮಾಡಿದ್ದಾರೆ.

ನಮ್ಮ ಭಾಗದಲ್ಲಿ ಜಾಸ್ತಿ ಕಾಡುವುದು ಹಠಾತ್ ಕರೆಂಟ್ ಹೋಗುವುದು. ಗ್ಯಾರೇಜ್ ತನ್ನ ಪಟ್ಟಿಯನ್ನು ಎಲ್‌ಎಂಡಿಬಿ ಎಂಬ ಡೇಟಾಬೇಸಿನಲ್ಲಿ ಇಡುತ್ತದೆ, ಯಂತ್ರ ದಿಢೀರ್ ಆಫ್ ಆದರೆ ಅದು ಕೆಡುವ ಸಂಭವ ಇದೆ. ಮೆಟಾಡೇಟಾ ಸ್ನ್ಯಾಪ್‌ಶಾಟ್ 6 ಗಂಟೆಗೊಮ್ಮೆ ತಾನಾಗಿ ತೆಗೆಯುವ ಸೆಟ್ಟಿಂಗ್ ಹಾಕಿ. ಕೆಟ್ಟರೆ ಸ್ನ್ಯಾಪ್‌ಶಾಟ್ ಹಿಂದಕ್ಕೆ ಹಾಕಿ, ಉಳಿದದ್ದನ್ನು ಇನ್ನೆರಡು ಯಂತ್ರದಿಂದ ರಿಪೇರಿ ಮಾಡಿಸಬಹುದು. ಮಿನಿ ಪಿಸಿ 15 ವ್ಯಾಟ್, ಫೈಬರ್ ಪೆಟ್ಟಿಗೆ ಮತ್ತು ರೌಟರ್ 10 ವ್ಯಾಟ್ ಎಂದರೆ 25 ವ್ಯಾಟ್. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತದೆ, ಯುಪಿಎಸ್ ನಷ್ಟ ಕಳೆದು 50 ಸಿಕ್ಕರೆ 2 ಗಂಟೆ. ಯುಪಿಎಸ್‌ನ ಯುಎಸ್‌ಬಿ ತಂತಿ ಪಿಸಿಗೆ ಹಾಕಿ, ನಟ್ ತಂತ್ರಾಂಶದಿಂದ ಬ್ಯಾಟರಿ 30% ಆದಾಗ ಸರಿಯಾಗಿ ಶಟ್‌ಡೌನ್ ಆಗುವಂತೆ ಮಾಡಿ. ಕರೆಂಟ್ ಬಂದಾಗ ತಾನಾಗಿ ಆನ್ ಆಗುವುದನ್ನು ಬಯೋಸ್‌ನಲ್ಲಿ ಹಾಕಬೇಕು. ಸಿಮೋಸ್ ಬ್ಯಾಟರಿ ಸತ್ತಿದ್ದರೆ ಯಂತ್ರದ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಎಸ್3 ಸಹಿಯಲ್ಲಿ ಸಮಯವೂ ಸೇರಿರುತ್ತದೆ, ವ್ಯತ್ಯಾಸ ಬಹಳವಾದರೆ ಎಲ್ಲ ಕೋರಿಕೆ ತಿರಸ್ಕಾರ. ಪಾಸ್‌ವರ್ಡ್ ತಪ್ಪೆಂದು ಹುಡುಕುತ್ತಾ ಕೂರುವ ಮೊದಲು ದಿನಾಂಕ ನೋಡಿ, ಗಡಿಯಾರ ಸರಿಪಡಿಸುವ ಕ್ರೋನಿ ಹಾಕಿ.

ಏಪ್ರಿಲ್, ಮೇನಲ್ಲಿ ಸಿಂಧನೂರು ರಾಯಚೂರು ಕಡೆ ಕೋಣೆಯೇ 40 ಡಿಗ್ರಿ ಮುಟ್ಟುತ್ತದೆ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ. ಡಿಸ್ಕ್ ತಾಪವನ್ನು ಸ್ಮಾರ್ಟ್ (ಡಿಸ್ಕ್ ಆರೋಗ್ಯದ) ವರದಿಯಲ್ಲಿ ನೋಡಿ, 55 ದಾಟುತ್ತಿದ್ದರೆ ಗಾಳಿ ಆಡುವ ಜಾಗಕ್ಕೆ ಸರಿಸಿ.

ಇನ್ನು ಅತ್ಯಂತ ಮುಖ್ಯವಾದದ್ದು. ಮೂರು ಪ್ರತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ. ಗ್ಯಾರೇಜ್‌ನಲ್ಲಿ ಹಳೆಯ ಆವೃತ್ತಿ ಉಳಿಸುವ ಸೌಲಭ್ಯ ಇಲ್ಲ. ಯಾರೋ ತಪ್ಪಿ ಅಳಿಸಿದರೆ ಮೂರೂ ಊರಲ್ಲಿ ಒಟ್ಟಿಗೆ ಅಳಿಯುತ್ತದೆ. ವಾರಕ್ಕೊಮ್ಮೆ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದಿಂದ ಬೇರೆ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ತೆಗೆದು ಡಿಸ್ಕ್ ಬಿಚ್ಚಿಡಿ. ತಿಂಗಳಿಗೊಮ್ಮೆ 5% ದತ್ತಾಂಶ ಓದಿ ತಾಳೆ ನೋಡುವ ರೆಸ್ಟಿಕ್ ಚೆಕ್ ಓಡಿಸಿ.

---

ಬಳ್ಳಾರಿ_ಗುಡ್ಡ

ಕೀ ಬಗ್ಗೆ. ಗ್ಯಾರೇಜ್ ಯಂತ್ರಗಳ ನಡುವಿನ ಸಂಚಾರ ಎನ್‌ಕ್ರಿಪ್ಟ್ ಆಗಿರುತ್ತದೆ, ಆದರೆ ಡಿಸ್ಕಿನ ಮೇಲೆ ಬರೆಯುವುದನ್ನು ಅದು ತಾನಾಗಿ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಆದ್ದರಿಂದ ಫೈಲ್ ಅಲ್ಲಿಗೆ ಮುಟ್ಟುವ ಮೊದಲೇ ಎನ್‌ಕ್ರಿಪ್ಟ್ ಆಗಿರಬೇಕು.

ಇದಕ್ಕೆ ಎರಡು ಸಾಧನ. ದಿನಬಳಕೆಯ ಕಡತಗಳಿಗೆ ಫೈಲ್ ನಕಲಿಸುವ ಆರ್‌ಕ್ಲೋನ್‌ನ ಕ್ರಿಪ್ಟ್ ಪದರ ಸಾಕು. ಅದು ಫೈಲನ್ನು 64 ಕೆಬಿ ತುಂಡು ಮಾಡಿ ಒಂದೊಂದಕ್ಕೂ ದೃಢೀಕರಣ ಗುರುತು ಹಾಕುತ್ತದೆ, ಫೈಲಿನ ಹೆಸರನ್ನೂ ಮುಚ್ಚುತ್ತದೆ. ಕನ್ನಡದವರಿಗೆ ಒಂದು ತೊಡಕು ಇದೆ. ಹೆಸರಿನ ಮಿತಿ 255 ಬೈಟ್ ಇರುವ ಡಿಸ್ಕಿಗೆ ನಕಲು ಮಾಡುವಾಗ ಎನ್‌ಕ್ರಿಪ್ಟ್ ಆಗುವ ಮುಂಚಿನ ಹೆಸರು 143 ಬೈಟ್ ದಾಟಬಾರದು. ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. "ಸ್ತ್ರೀ" ಎಂಬ ಒಂದು ಅಕ್ಷರದಲ್ಲೇ 6 ಸಂಕೇತ, 18 ಬೈಟ್. ಅಂದರೆ 47 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. "ಸರ್ವಸದಸ್ಯರ ವಾರ್ಷಿಕ ಸಭೆಯ ನಡಾವಳಿ ಸಿಂಧನೂರು ಶಾಖೆ ಅಂತಿಮ ಪ್ರತಿ" ಎಂದೆಲ್ಲ ಉದ್ದ ಹೆಸರಿಟ್ಟರೆ ಆ ಒಂದು ಫೈಲ್ ಮಾತ್ರ ನಕಲಾಗದೆ ಲಾಗ್‌ನಲ್ಲಿ ದೋಷವಾಗಿ ಉಳಿಯುತ್ತದೆ, ಯಾರೂ ಗಮನಿಸುವುದಿಲ್ಲ. ವರ್ಷ, ಊರು, ಕ್ರಮಸಂಖ್ಯೆ ಇಷ್ಟೇ ಹೆಸರಿನಲ್ಲಿರಲಿ.

ಪಾಸ್‌ಬುಕ್, ಆಧಾರ್‌ನಂಥವಕ್ಕೆ ಏಜ್ ಎಂಬ ಎನ್‌ಕ್ರಿಪ್ಷನ್ ಸಾಧನ ಬಳಸಿ. ಅದರಲ್ಲಿ ಮುಚ್ಚುವ ಕೀ ಬೇರೆ, ತೆರೆಯುವ ಕೀ ಬೇರೆ. ಕಚೇರಿಯಲ್ಲಿ ಸ್ಕ್ಯಾನ್ ಮಾಡುವವರ ಕಂಪ್ಯೂಟರಿನಲ್ಲಿ ಮುಚ್ಚುವ ಕೀ ಮಾತ್ರ ಇದ್ದರೆ ಸಾಕು. ಅಂಚೆ ಡಬ್ಬಿಗೆ ಹಾಕಿದಂತೆ, ಹಾಕಿದವರಿಗೂ ಮತ್ತೆ ತೆಗೆಯಲಾಗದು. ಒಂದು ಫೈಲನ್ನು ಹಲವು ಕೀಗಳಿಗೆ ಒಟ್ಟಿಗೆ ಮುಚ್ಚಬಹುದು: ಅಧ್ಯಕ್ಷರದೊಂದು, ಕಾರ್ಯದರ್ಶಿಯದೊಂದು, ಜೊತೆಗೆ ಆಪತ್ತಿನ ಕೀ ಒಂದು. ಏಜ್ ಫೈಲಿನ ಹೆಸರನ್ನು ಮುಚ್ಚುವುದಿಲ್ಲ, ಹೆಸರಿನಲ್ಲಿ ಸದಸ್ಯನ ಹೆಸರು ಬೇಡ, ಸದಸ್ಯತ್ವ ಸಂಖ್ಯೆ ಸಾಕು. ಏಜ್ ಕೂಡ 64 ಕೆಬಿ ತುಂಡಿನಲ್ಲಿ ಕೆಲಸ ಮಾಡುವುದರಿಂದ ಎಷ್ಟು ದೊಡ್ಡ ಫೈಲಾದರೂ ಮೆಮೊರಿ ತಿನ್ನುವುದಿಲ್ಲ. ಒಮೆಮೊ ಬಳಸುವ ಜಿಸಿಎಂನಲ್ಲಿ ಇಡೀ ಫೈಲಿಗೆ ಒಂದೇ 16 ಬೈಟ್ ಗುರುತು, ಅದೂ ಕೊನೆಯಲ್ಲಿ. ಅದು ಬರುವ ತನಕ ಫೈಲ್ ಸಾಚಾ ಹೌದೋ ಅಲ್ಲವೋ ತಿಳಿಯದು. 3 ಜಿಬಿ ಫೋನಿನಲ್ಲಿ 200 ಎಂಬಿ ವಿಡಿಯೊ ತೆರೆಯುವಾಗ ಆ್ಯಪ್ ಬೀಳಲು ಇದೂ ಒಂದು ಕಾರಣವಾಗಬಹುದು. ಮೇಲೆ ಹೇಳಿದ 50 ಎಂಬಿ ಮಿತಿ ಅದಕ್ಕೂ ಒಳ್ಳೆಯದು.

ಆಪತ್ತಿನ ಕೀಯನ್ನು ಯಾರೊಬ್ಬರ ಬಳಿಯೂ ಪೂರ್ತಿ ಇಡಬೇಡಿ. ಶಮೀರ್ ವಿಧಾನದ ಎಸ್‌ಎಸ್‌ಎಸ್‌ಎಸ್ ಎಂಬ ಸಣ್ಣ ಸಾಧನದಿಂದ 3 ಪಾಲು ಮಾಡಿ, ಯಾವ 2 ಸೇರಿದರೂ ತೆರೆಯುವಂತೆ. ಅದು 128 ಅಕ್ಷರದವರೆಗಿನ ಗುಟ್ಟನ್ನು ಹಂಚಬಲ್ಲದು, ಏಜ್ ಕೀ ಅದರೊಳಗೆ ಕೂರುತ್ತದೆ. ಒಂದೊಂದು ಪಾಲನ್ನು ಕಾಗದದ ಮೇಲೆ ಮುದ್ರಿಸಿ ಲಕೋಟೆಯಲ್ಲಿ ಹಾಕಿ ಮೂರು ಊರಲ್ಲಿ ಇಡಿ. ಥರ್ಮಲ್ ಕಾಗದ ಬೇಡ, ನಮ್ಮ ಸೆಕೆಗೆ ಅಕ್ಷರ ಮಾಸುತ್ತದೆ. ಆರ್‌ಕ್ಲೋನ್, ರೆಸ್ಟಿಕ್ ಪಾಸ್‌ವರ್ಡ್‌ಗಳನ್ನೂ ಇದೇ ಕೀಯಿಂದ ಮುಚ್ಚಿ ಅದೇ ಲಕೋಟೆಗೆ ಸೇರಿಸಿ, ಇಲ್ಲವಾದರೆ ಬ್ಯಾಕಪ್ ಇದ್ದೂ ತೆರೆಯಲಾಗದು. ಪದಾಧಿಕಾರಿಗಳು ಬದಲಾದ ಚುನಾವಣೆಯ ನಂತರ ಹೊಸ ಕೀ ಮಾಡಿ, ಹಳೆಯ ಫೈಲುಗಳನ್ನು ತೆರೆದು ಹೊಸ ಕೀಗಳಿಗೆ ಮತ್ತೆ ಮುಚ್ಚಬೇಕು. ಹಳೆಯವರು ಈಗಾಗಲೇ ಇಳಿಸಿಕೊಂಡ ಪ್ರತಿಗೆ ಯಾವ ತಂತ್ರವೂ ಇಲ್ಲ.

ಫೋನ್ ಕಳೆದರೆ: ಒಮೆಮೊದಲ್ಲಿ ಹೊಸ ಫೋನಿಗೆ ಹಳೆಯ ಮೆಸೇಜ್ ತೆರೆಯುವುದಿಲ್ಲ, ಲಿಂಕಿನ ಕೀ ಹೋದ ಮೇಲೆ ಆ ಫೈಲೂ ಹೋದಂತೆ. ಮ್ಯಾಟ್ರಿಕ್ಸ್‌ನಲ್ಲಿ ರಿಕವರಿ ಕೀ ಇದ್ದರೆ ಹಳೆಯದು ಮರಳುತ್ತದೆ, ಆದರೆ ಆ ಕೀಯನ್ನು 300 ಮಂದಿ ಜೋಪಾನ ಮಾಡಬೇಕು. ಉಳಿಸಬೇಕಾದದ್ದನ್ನು ಚಾಟ್‌ನಲ್ಲೇ ಬಿಡದೆ ಅದೇ ದಿನ ಸಂಗ್ರಹಕ್ಕೆ ಸಾಗಿಸುವ ಪದ್ಧತಿ ಮಾಡಿಕೊಂಡರೆ ಈ ಪ್ರಶ್ನೆಯ ಮುಕ್ಕಾಲು ಭಾಗ ಕರಗುತ್ತದೆ. ಸದಸ್ಯರು ಕಳೆದ ಫೋನಿನ ವಿಷಯ ತಿಳಿಸಿದ ಕೂಡಲೇ ಅವರ ಖಾತೆಯ ಪಾಸ್‌ವರ್ಡ್ ಬದಲಿಸಿ, ಗುಂಪಿನವರು ಆ ಹಳೆಯ ಸಾಧನದ ಗುರುತನ್ನು ನಂಬಿಕೆಯ ಪಟ್ಟಿಯಿಂದ ತೆಗೆಯಬೇಕು.

ಮುಂದೆ ಯಾವತ್ತಾದರೂ ಮ್ಯಾಟ್ರಿಕ್ಸ್ ಕಡೆ ಹೋದರೆ, 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಮ್ಯಾಟ್ರಿಕ್ಸ್ ಬಳಸುವ ಎಲಿಮೆಂಟ್ ಆ್ಯಪ್ ಕೂಡ ಇತ್ತು ಎಂಬುದನ್ನು ಗಮನದಲ್ಲಿಡಿ. ಒಂದೇ ಕ್ಲೈಂಟ್ ಮೇಲೆ ಎಲ್ಲ ಭಾರ ಹಾಕಬೇಡಿ.

---

ಕಾರಟಗಿ_ತೂಬು

ಪ್ರೊಸೋಡಿ, ಗ್ಯಾರೇಜ್ ಎರಡೂ ಪ್ರಯೋಗಕ್ಕೆ ಹಾಕಲಾಗಿದೆ. ಗಂಗಾವತಿ, ಕಾರಟಗಿಯಲ್ಲಿ ಸರಿ ಇದೆ. ಸಿಂಧನೂರಿನಲ್ಲಿ ಬರೀ ಅಕ್ಷರದ ಮೆಸೇಜ್ ಹೋಗುತ್ತದೆ, ಫೋಟೊ ಹಾಕಿದರೆ 0%ರಲ್ಲೇ ನಿಂತು ಕೊನೆಗೆ ಟೈಮ್‌ಔಟ್. ಎರರ್ ಸಂಖ್ಯೆ ಏನೂ ಬರುವುದಿಲ್ಲ. ಪ್ರೊಸೋಡಿ ಮುಂದೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಇದೆ.

---

ಶಕ್ತಿನಗರ_ಸರ್ವರ್

ಎನ್‌ಜಿನ್‌ಎಕ್ಸ್ ಡಿಫಾಲ್ಟ್ ಬಾಡಿ ಮಿತಿ 1 ಎಂಬಿ, ಅದನ್ನ ಮೂರೂ ಕಡೆ 60 ಎಂಬಿಗೆ ಏರಿಸ್ರಿ. ಪ್ರೊಸೋಡಿ ಮಿತಿಗಿಂತ ಇದು ಸ್ವಲ್ಪ ಹೆಚ್ಚೇ ಇರಬೇಕು. ಆದ್ರ ಅದೇ ಕಾರಣ ಆಗಿದ್ರ 413 ಅಂತ ಎರರ್ ಬರ್ತಿತ್ತು. ಇದು ಜಾಲದ ತೊಂದರೆ ಇರಬೇಕು, ಕುಷ್ಟಗಿಯವರು ಹೇಳ್ಲಿ.

---

ಕುಷ್ಟಗಿ_ಕೇಬಲ್

ಹೌದು, ಇದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ. ಸಿಂಧನೂರಿನ ಯಂತ್ರ ವಿಪಿಎಸ್ ಅನ್ನು ಐಪಿವಿ6 ವಿಳಾಸದಲ್ಲಿ ಮುಟ್ಟುತ್ತಿದೆಯೇ ಎಂದು ವೈರ್‌ಗಾರ್ಡ್ ಸ್ಥಿತಿಯಲ್ಲಿ ನೋಡಿ. ವೈರ್‌ಗಾರ್ಡ್ ಡಿಫಾಲ್ಟ್ ಎಂಟಿಯು 1420. ಐಪಿವಿ4 ಮೇಲೆ ಅದಕ್ಕೆ 60 ಬೈಟ್ ಸೇರಿ 1480 ಆಗುತ್ತದೆ, ಪಿಪಿಪಿಒಇ (ಲಾಗಿನ್ ಮೂಲಕ ಸಂಪರ್ಕ) ಇರುವ ಫೈಬರಿನ 1492ರೊಳಗೆ ಹಿಡಿಸುತ್ತದೆ. ಐಪಿವಿ6 ಆದರೆ 80 ಬೈಟ್ ಸೇರಿ 1500, ಹಿಡಿಸುವುದಿಲ್ಲ. ಸಣ್ಣ ಮೆಸೇಜ್ ದಾಟುತ್ತದೆ, ಫೋಟೊದ ತುಂಬಿದ ಪ್ಯಾಕೆಟ್‌ಗಳು ದಾರಿಯಲ್ಲೇ ಬೀಳುತ್ತವೆ. ಉಳಿದೆರಡು ಊರು ಐಪಿವಿ4ನಲ್ಲಿದ್ದರೆ ಅಲ್ಲಿ ಸರಿಯಿರುವುದಕ್ಕೂ ಇದೇ ಕಾರಣ.

ಪರೀಕ್ಷೆಗೆ ಸುರಂಗದ ಒಳಗಿನ ವಿಳಾಸಕ್ಕೆ "ತುಂಡು ಮಾಡಬೇಡ" ಆಯ್ಕೆಯೊಂದಿಗೆ 1392 ಬೈಟಿನ ಪಿಂಗ್ ಕಳಿಸಿ, ಆಮೇಲೆ 1384ರದ್ದು. ಮೊದಲನೆಯದು ಸತ್ತು ಎರಡನೆಯದು ಬಂದರೆ ವೈರ್‌ಗಾರ್ಡ್ ಎಂಟಿಯು 1412 ಮಾಡಿ, ಸಿಂಧನೂರು ಮತ್ತು ವಿಪಿಎಸ್ ಎರಡೂ ತುದಿಯಲ್ಲಿ. ಎರಡೂ ಸತ್ತರೆ 20ರಂತೆ ಇಳಿಸುತ್ತಾ ಹೋಗಿ. ಫೈಬರ್ ಕೆಟ್ಟಾಗ ಮೊಬೈಲ್ ಡಾಂಗಲ್ ಮೇಲೆ ಓಡಿಸುವ ಯೋಚನೆ ಇದ್ದರೆ ಈಗಲೇ 1280 ಹಾಕಿಬಿಡಿ, ವೇಗ ಕಡಿಮೆಯಾಗುವುದು ಗೊತ್ತೇ ಆಗುವುದಿಲ್ಲ. 1280ಕ್ಕಿಂತ ಕೆಳಗೆ ಇಳಿಸಿದರೆ ಸುರಂಗದೊಳಗೆ ಐಪಿವಿ6 ನಡೆಯುವುದಿಲ್ಲ.